ಹದಿನಾರು ಜನ, ಒಂದು ಗ್ರೈಂಡರು: ದೀಪಾವಳಿಯ ನಾಲ್ಕು ದಿನದ ಅಡುಗೆ ಲೆಕ್ಕ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಪೇಟೆಯಿಂದ ಸ್ವಲ್ಪ ಒಳಗೆ, ಅಡಕೆ ತೋಟದ ನಡುವಿನ ಮನೆ. ವರ್ಷವಿಡೀ ಇರುವವರು ಐದು ಮಂದಿ: ಅಜ್ಜ, ಅಜ್ಜಿ, ಮಗ, ಸೊಸೆ, ಒಂಬತ್ತನೇ ತರಗತಿಯ ಹುಡುಗ. 2024ರ ದೀಪಾವಳಿಗೆ ಮಂಗಳೂರಿನಿಂದ ನಾಲ್ವರು, ಬೆಂಗಳೂರಿನಿಂದ ಏಳು ಮಂದಿ ಬರುವುದೆಂದಾಯಿತು. ಒಟ್ಟು ಹದಿನಾರು. ಅದರಲ್ಲಿ ಹತ್ತು ವರ್ಷದೊಳಗಿನವರು ನಾಲ್ವರು. ಅಜ್ಜನಿಗೆ ಸಕ್ಕರೆ ಕಾಯಿಲೆ. ಮನೆಯಲ್ಲಿ ನೀರುಳ್ಳಿ, ಬೆಳ್ಳುಳ್ಳಿ ಹಬ್ಬದ ದಿನಗಳಲ್ಲಿ ಇಲ್ಲ.

ಆ ವರ್ಷದ ಕ್ಯಾಲೆಂಡರು ಗಡಿಯ ಈಚೆ ಒಂದು ಥರ, ಆಚೆ ಒಂದು ಥರ. ಕರ್ನಾಟಕದವರಿಗೆ ಅಕ್ಟೋಬರ್ 31ರ ಗುರುವಾರ ನರಕ ಚತುರ್ದಶಿ, ನವೆಂಬರ್ 1ರ ಶುಕ್ರವಾರ ರಾಜ್ಯೋತ್ಸವ, 2ರ ಶನಿವಾರ ಬಲಿಪಾಡ್ಯ, ಮತ್ತೆ ಆದಿತ್ಯವಾರ: ಸಾಲಾಗಿ ನಾಲ್ಕು ದಿನ ರಜೆ. ಕೇರಳದಲ್ಲಿ ದೀಪಾವಳಿಗೆ ಇರುವುದು ಒಂದೇ ರಜೆ, ಅದು ಗುರುವಾರ ಮುಗಿಯಿತು. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ್ದು ಇದೇ ನವೆಂಬರ್ 1ಕ್ಕೆ. ಅಡುಗೆಮನೆಯ ಮಟ್ಟಿಗೆ ಅದರ ಪರಿಣಾಮ ಇಷ್ಟೇ: ಶುಕ್ರವಾರ ನೆಂಟರು ಜಗಲಿಯಲ್ಲಿ ಎರಡನೇ ಕಾಫಿ ಕುಡಿಯುವ ಹೊತ್ತಿಗೆ, ಶಾಲೆಗೆ ಹೊರಡುವ ಮನೆಯ ಹುಡುಗನ ಬುತ್ತಿ ಕಟ್ಟಿ ಆಗಿರಬೇಕು.

ಮೊದಲ ಪಟ್ಟಿಯಲ್ಲಿ ಏನಿತ್ತು

ಹಬ್ಬಕ್ಕೆ ಹತ್ತು ದಿನ ಮೊದಲು ಮನೆಯವರು ಬರೆದ ಪಟ್ಟಿ ಎಲ್ಲರ ಮನೆಯಲ್ಲೂ ಇರುವಂಥದ್ದೇ. ಗುರುವಾರ ಬೆಳಿಗ್ಗೆ ಅವಲಕ್ಕಿ ಮತ್ತು ಉದ್ದಿನ ದೋಸೆ, ಮಧ್ಯಾಹ್ನ ಪಾಯಸದ ಊಟ. ಶುಕ್ರವಾರ ನೀರುದೋಸೆ, ಮಧ್ಯಾಹ್ನ ಕೊದಿಲು (ಕಾಯಿ ಅರೆದು ಹಾಕಿದ ಹುಳಿ), ರಾತ್ರಿ ಚಪಾತಿ. ಶನಿವಾರ ಬೆಳಿಗ್ಗೆ ಉದ್ದಿನ ಕೊಟ್ಟಿಗೆ (ಬಾಳೆಲೆಯಲ್ಲಿ ಮಡಚಿ ಹಬೆಯಲ್ಲಿ ಬೇಯಿಸುವ ಕಡುಬು). ಮಧ್ಯಾಹ್ನ ಎರಡು ಪಲ್ಯ, ಸಾಸಮೆ (ಕಾಯಿ, ಸಾಸಿವೆ ಅರೆದು ಹಾಕಿದ ಮೊಸರಿನ ಬಗೆ), ಅವಿಲು (ಕಾಯಿ, ಮೊಸರು ಹಾಕಿದ ತರಕಾರಿಯ ಬಗೆ), ಅನನಾಸು ಮೆಣಸ್ಕಾಯಿ, ಸಾರು, ಸಾಂಬಾರು, ಅಂಬೊಡೆ, ಚಿತ್ರಾನ್ನ, ಕಡ್ಲೆಬೇಳೆ ಪಾಯಸ, ಹೋಳಿಗೆ. ಆದಿತ್ಯವಾರ ಸೇಮಿಗೆ (ಒತ್ತುಶ್ಯಾವಿಗೆ), ಕಾಯಿಹಾಲು.

ಇದರಲ್ಲಿ ಒಂದು ಬಗೆಯೂ ಈ ಮನೆಯವರಿಗೆ ಗೊತ್ತಿಲ್ಲದ್ದಲ್ಲ. ತೊಂದರೆ ಇರುವುದು ಬೇರೆ ಕಡೆ. ನಮ್ಮ ಕರಾವಳಿಯ ಅಡುಗೆಯಲ್ಲಿ ಒಲೆಗಿಂತ ಮೊದಲು ಬರುವುದು ಕಡೆಯುವ, ಅಂದರೆ ರುಬ್ಬುವ ಕೆಲಸ. ದೋಸೆಗೆ ಅಕ್ಕಿ ಕಡೆಯಬೇಕು, ಕೊಟ್ಟಿಗೆಗೆ ಉದ್ದು ಕಡೆಯಬೇಕು, ಸಾಸಮೆಗೆ, ಅವಿಲಿಗೆ, ಕೊದಿಲಿಗೆ, ಪಾಯಸಕ್ಕೆ ಎಲ್ಲದಕ್ಕೂ ಕಾಯಿ ಕಡೆಯಬೇಕು. ಪಟ್ಟಿಯಲ್ಲಿ ಶುಕ್ರವಾರ ಸಂಜೆಯಿಂದ ಶನಿವಾರ ಮಧ್ಯಾಹ್ನದವರೆಗೆ ಮಾತ್ರ ಎಣಿಸಿದರೆ ಹನ್ನೊಂದು ಕಡೆತ ಬರುತ್ತದೆ: ಉದ್ದು ಒಂದು, ಅಕ್ಕಿ ಎರಡು, ಹೂರಣ ಒಂದು, ಅಂಬೊಡೆಯ ಬೇಳೆ ಒಂದು, ಕಾಯಿಯವು ಆರು. ಮನೆಯಲ್ಲಿರುವುದು ಎರಡು ಲೀಟರಿನ ಮೇಜಿನ ಗ್ರೈಂಡರು ಒಂದು, ಮಿಕ್ಸಿ ಒಂದು. ಕಡೆಯುವ ಕಲ್ಲು ಹಿತ್ತಲಲ್ಲಿದೆ, ಅದರ ಮೇಲೆ ಈಗ ತುಳಸಿಯ ಚಟ್ಟಿ.

ಇದರ ಮೇಲೆ ತುಲಾ ಮಳೆ. ಅಕ್ಟೋಬರ್ ಕೊನೆಗೆ ಈ ಭಾಗದಲ್ಲಿ ಮಧ್ಯಾಹ್ನದ ಮೇಲೆ ಮೋಡ ಕಟ್ಟಿ ಸಂಜೆ ಗುಡುಗು ಮಿಂಚು ಶುರುವಾದರೆ ಕರೆಂಟು ಹೋಗುವುದು ಹೊಸತಲ್ಲ. ಹಿಟ್ಟು ಕಡೆಯುವುದನ್ನು ಸಂಜೆ ಆರಕ್ಕೆ ಇಟ್ಟುಕೊಂಡ ಪಟ್ಟಿ, ಮಳೆ ಬಂದರೆ ಅಲ್ಲಿಗೇ ನಿಲ್ಲುತ್ತದೆ.

ಇನ್ನೊಂದು ಲೆಕ್ಕ ಕಾವಲಿಯದ್ದು. ಉದ್ದಿನ ದೋಸೆ ಒಂದಕ್ಕೆ ಒಂದೂವರೆಯಿಂದ ಎರಡು ನಿಮಿಷ. ತಲಾ ಮೂರು ಹಿಡಿದರೆ ನಲವತ್ತೆಂಟು ದೋಸೆ. ಒಂದು ಕಾವಲಿಯಲ್ಲಿ ಒಂದು ಗಂಟೆಗಿಂತ ಹೆಚ್ಚು. ನೀರುದೋಸೆ ಇನ್ನೂ ಕಷ್ಟ. ತೆಳ್ಳಗೆ ಇರುವುದರಿಂದ ದೊಡ್ಡವರು ಐದಾರು ತಿನ್ನುತ್ತಾರೆ, ತೊಂಬತ್ತು ದೋಸೆ ಎಂದರೆ ಎರಡು ಕಾವಲಿ ಇಟ್ಟರೂ ಒಬ್ಬರು ಒಂದು ಗಂಟೆಗೂ ಹೆಚ್ಚು ಒಲೆ ಬಿಟ್ಟು ಕದಲುವಂತಿಲ್ಲ. ಎರೆಯುವವರು ತಿನ್ನುವಾಗ ಹತ್ತು ಗಂಟೆ. ನೀರುದೋಸೆ ಐದು ಜನರ ಮನೆಗೆ ಒಳ್ಳೆಯದು, ಹದಿನಾರಕ್ಕೆ ಅಲ್ಲ. ಅದೇ ಮೂವತ್ತು ಕೊಟ್ಟಿಗೆ ಅಟ್ಟಿನಳಗೆಯಲ್ಲಿ (ಹಬೆಯಲ್ಲಿ ಬೇಯಿಸುವ ದೊಡ್ಡ ಪಾತ್ರೆ) ಒಮ್ಮೆಗೇ ಬೇಯುತ್ತದೆ, ನಲವತ್ತು ನಿಮಿಷ ಯಾರೂ ಹತ್ತಿರ ನಿಲ್ಲಬೇಕಾಗಿಲ್ಲ.

ತಿದ್ದಿದ್ದು ಹೇಗೆ

ಪಟ್ಟಿಯನ್ನು ತಿಂಡಿಯ ಹೆಸರಿನಿಂದ ಬಿಡಿಸಿ ಮೂರು ಪ್ರಶ್ನೆಯ ಮೇಲೆ ಮತ್ತೆ ಜೋಡಿಸಿದರು. ಕಡೆಯಬೇಕೇ? ಒಂದೊಂದಾಗಿ ಎರೆಯಬೇಕೇ? ಎಷ್ಟು ಹೊತ್ತು ಕೆಡದೆ ಉಳಿಯುತ್ತದೆ?

ಮೂರನೆಯದ್ದು ಈ ಹವೆಯಲ್ಲಿ ಮುಖ್ಯ. ಹಸಿ ಕಾಯಿ ಮತ್ತು ಮೊಸರು ಎರಡೂ ಬಿದ್ದದ್ದು, ಅಂದರೆ ಅವಿಲು, ಸಾಸಮೆ, ತಂಬುಳಿ, ಸಂಜೆಯವರೆಗೆ ಹೊರಗೆ ಇಡುವಂಥದ್ದಲ್ಲ. ಕಾಯಿ ಕಡೆದು ಹಾಕಿದ ಕೊದಿಲು, ಸಾಂಬಾರು ಮಧ್ಯಾಹ್ನದ ಊಟವಾದ ಕೂಡಲೇ ಒಮ್ಮೆ ಚೆನ್ನಾಗಿ ಮರಳಿಸಿದರೆ ರಾತ್ರಿಗೆ ಬರುತ್ತದೆ. ಕಾಯಿ ಇಲ್ಲದ ಬೋಳು ಹುಳಿ, ಸಾರು ಇನ್ನೂ ಗಟ್ಟಿ. ಹುಳಿ, ಬೆಲ್ಲ, ಹುರಿದ ಎಳ್ಳು ಇರುವ ಮೆಣಸ್ಕಾಯಿ ಎರಡನೇ ದಿನಕ್ಕೆ ರುಚಿ ಏರುತ್ತದೆ. ಹಾಗಾಗಿ ಮೆಣಸ್ಕಾಯಿ ಹಿಂದಿನ ದಿನ, ಅವಿಲು ಎಲೆ ಹಾಕುವ ಅರ್ಧ ಗಂಟೆ ಮೊದಲು.

ತಿದ್ದಿದ ಮೇಲೆ ನಾಲ್ಕು ದಿನ ಹೀಗೆ ನಿಂತಿತು.

ಬುಧವಾರ ಹಗಲು: ಹೂರಣ ಮಾಡಿ ತಂಪುಪೆಟ್ಟಿಗೆಗೆ. ಸಾರಿನಪುಡಿ, ಮೆಣಸ್ಕಾಯಿಯ ಮಸಾಲೆಯ ಹುರಿಯುವ ಕೆಲಸ. ಸಂಜೆ ನೀರು ತುಂಬುವುದು. ಮಂಗಳೂರಿನವರು ಬರುವಾಗ ಅನ್ನ, ಬೋಳು ಹುಳಿ, ಹಪ್ಪಳ.

ಗುರುವಾರ: ಅಭ್ಯಂಗವಾಗಿ ಅವಲಕ್ಕಿ. ಮಧ್ಯಾಹ್ನ ಬೆಳ್ತಿಗೆ (ಕುಚ್ಚದ ಬಿಳಿ ಅಕ್ಕಿಯ) ಅನ್ನ, ಸಾರು, ಅಲಸಂಡೆ ಪಲ್ಯ, ಶ್ಯಾವಿಗೆ ಪಾಯಸ. ರಾತ್ರಿ ಅದೇ ಸಾರು, ಹೊಸ ಬಾಳೆಕಾಯಿ ಪಲ್ಯ.

ಶುಕ್ರವಾರ: ಪುಟ್ಟು, ಕಡಲೆ. ಮಧ್ಯಾಹ್ನ ಕುಚ್ಚಲಕ್ಕಿ ಅನ್ನ, ಸೌತೆಕಾಯಿ ಬೋಳು ಹುಳಿ, ಬಸಳೆ ಪಲ್ಯ, ಮಜ್ಜಿಗೆ. ರಾತ್ರಿ ಗಂಜಿ ಊಟ.

ಶನಿವಾರ: ಉದ್ದಿನ ಕೊಟ್ಟಿಗೆ. ಹಬ್ಬದ ಊಟ. ಸಂಜೆ ಬಲೀಂದ್ರನಿಗೆ ಅವಲಕ್ಕಿ.

ಆದಿತ್ಯವಾರ: ಸಜ್ಜಿಗೆ, ಹನ್ನೆರಡಕ್ಕೇ ಊಟ, ರಾತ್ರಿ ಪ್ರಯಾಣಕ್ಕೆ ಬುತ್ತಿ.

ಅಂಬೊಡೆ, ಚಿತ್ರಾನ್ನ, ಒಂದು ಪಲ್ಯ, ಸೇಮಿಗೆ, ಎರಡೂ ಬಗೆಯ ದೋಸೆ ಬಿಟ್ಟುಹೋದವು. ಅಂಬೊಡೆ ಬಿಡುವುದಕ್ಕೆ ಮನೆಯಲ್ಲಿ ಸ್ವಲ್ಪ ಗೊಣಗಾಟ ಆಯಿತು. ಆದರೆ ಎಲೆ ಹಾಕುವ ಹೊತ್ತಿಗೆ ಎಣ್ಣೆಯ ಮುಂದೆ ಒಬ್ಬರು ನಿಂತೇ ಇರಬೇಕಾದ ಬಗೆ ಅದು. ಹೋಳಿಗೆ ಇರುವ ಊಟದಲ್ಲಿ ಅದರ ಕೊರತೆ ಯಾರಿಗೂ ಕಾಣುವುದಿಲ್ಲ.

ಶುಕ್ರವಾರ ರಾತ್ರಿಯ ಗಂಜಿಗೂ ಆಕ್ಷೇಪ ಬಂತು: ನೆಂಟರಿಗೆ ಗಂಜಿಯಾ ಎಂದು. ಎರಡು ಪಾಯಸದ ಊಟದ ನಡುವೆ ಕುಚ್ಚಲಕ್ಕಿ ಗಂಜಿ, ತುಪ್ಪ, ಸುಟ್ಟ ಹಪ್ಪಳ, ಮಾವಿನಮಿಡಿ ಉಪ್ಪಿನಕಾಯಿ ಸಿಕ್ಕಿದರೆ ಬೆಂಗಳೂರಿನಿಂದ ಬಂದವರು ಬೇಡ ಎನ್ನುವುದಿಲ್ಲ. ಎನ್ನಲೂ ಇಲ್ಲ. ಹದಿನಾರು ಜನರಿಗೆ ಒಂದು ಕಿಲೋ ಕುಚ್ಚಲಕ್ಕಿ, ಏಳು ಲೀಟರು ನೀರು, ಹೊರಗಿನ ಒಲೆಯಲ್ಲಿ ಸುಮಾರು ಒಂದು ಗಂಟೆ. ಕೈ ಹಿಡಿಯುವ ಕೆಲಸ ಅದರಲ್ಲಿಲ್ಲ.

ಸಾಮಾನು

ತೆಂಗಿನಕಾಯಿ ನಾಲ್ಕು ದಿನಕ್ಕೆ ಇಪ್ಪತ್ತೆಂಟು ತೆಗೆದಿಟ್ಟರು, ಅದರಲ್ಲಿ ಶನಿವಾರ ಒಂದಕ್ಕೇ ಹನ್ನೊಂದು. ಸಿಪ್ಪೆ ಸುಲಿಯುವ ಕೆಲಸ ಬುಧವಾರವೇ ಮುಗಿಯಬೇಕು; ಸುಲಿದು ಜುಟ್ಟು ಬಿಟ್ಟ ಕಾಯಿ ನಾಲ್ಕು ದಿನಕ್ಕೆ ಏನೂ ಆಗುವುದಿಲ್ಲ, ಜುಟ್ಟು ತೆಗೆದದ್ದು ಕಣ್ಣಿನಿಂದ ಕೆಡತೊಡಗುತ್ತದೆ. ಹಾಲು ದಿನಕ್ಕೆ ಐದು ಲೀಟರು: ಎರಡು ಹೊತ್ತಿನ ಕಾಫಿ ಚಹಾಕ್ಕೆ ಮೂರೂ ಕಾಲು, ಉಳಿದದ್ದು ಹೆಪ್ಪು ಹಾಕಲು ಮತ್ತು ಮಕ್ಕಳಿಗೆ. ಹಾಲು ಕೊಡುವವರಿಗೆ ಎರಡು ದಿನ ಮೊದಲು ಹೇಳದಿದ್ದರೆ ಹಬ್ಬದ ದಿನ ಸಿಗುವುದಿಲ್ಲ. ಅಡುಗೆ ಅನಿಲ 14.2 ಕಿಲೋದ ಸಿಲಿಂಡರು ಒಂದು ನಡೆಯುತ್ತಿದ್ದದ್ದು, ಒಂದು ತುಂಬಿದ್ದು. ಅನ್ನ, ಗಂಜಿ, ಕೊಟ್ಟಿಗೆ ಮೂರನ್ನೂ ಹೊರಗಿನ ಕಟ್ಟಿಗೆ ಒಲೆಗೆ ಹಾಕಿದ್ದರಿಂದ ಎರಡನೆಯದ್ದನ್ನು ಮುಟ್ಟಬೇಕಾಗಲಿಲ್ಲ.

ತರಕಾರಿ ಪೇಟೆಯಿಂದ ತಂದದ್ದು ಕಡಿಮೆ. ಸುವರ್ಣಗೆಡ್ಡೆ, ಬಾಳೆಕಾಯಿ, ಅಲಸಂಡೆ, ಬಸಳೆ ಹಿತ್ತಲಿನದ್ದು. ಮಂಗಳೂರು ಸೌತೆ ಅಟ್ಟದ ಜಂತಿಗೆ ಬಾಳೆನಾರಿನಲ್ಲಿ ಕಟ್ಟಿ ತೂಗಿಸಿದ್ದು, ಬೇಸಿಗೆಯ ಬೆಳೆ ಇನ್ನೂ ಇತ್ತು. ಹೀಗೆ ತೂಗಿಸಿದ ಸೌತೆಗೆ ನೆಲ ತಾಗುವುದಿಲ್ಲ, ಒಂದಕ್ಕೊಂದು ತಾಗುವುದಿಲ್ಲ. ತಿಂಗಳುಗಟ್ಟಲೆ ನಿಲ್ಲುವುದು ಅದಕ್ಕೇ. ತೊಟ್ಟಿನ ಬುಡ ಮೆತ್ತಗಾದದ್ದನ್ನು ಮೊದಲು ಖರ್ಚು ಮಾಡಬೇಕು.

ಹೂರಣ

ಹೋಳಿಗೆ ತಲಾ ಎರಡು, ಕಟ್ಟಿಕೊಡಲು ಸ್ವಲ್ಪ, ಒಟ್ಟು ನಲವತ್ತರ ಹತ್ತಿರ. ಕಡ್ಲೆಬೇಳೆ 600 ಗ್ರಾಂ, ಬೆಲ್ಲ 600 ಗ್ರಾಂ, ಏಲಕ್ಕಿ ಹತ್ತು. ಕಣಕಕ್ಕೆ ಮೈದಾ 450 ಗ್ರಾಂ, ಚಿಟಿಕೆ ಅರಶಿನ, ಎಣ್ಣೆ ಸುಮಾರು 100 ಗ್ರಾಂ.

ಬೇಳೆಯನ್ನು ಕುಕ್ಕರಿಗೆ ಹಾಕಿದರೆ ಬೇಗ ಆಗುತ್ತದೆ, ಆದರೆ ಒಂದು ಸೀಟಿ ಹೆಚ್ಚಾದರೆ ಬೇಳೆ ಒಡೆದು ನೀರು ಕುಡಿದು ಹೂರಣ ಸಡಿಲ. ತೆರೆದ ಪಾತ್ರೆಯಲ್ಲಿ ಬೇಯಿಸಿ, ಬೆರಳಲ್ಲಿ ಒತ್ತಿದರೆ ಹಿಟ್ಟಾಗಬೇಕು, ಆಕಾರ ಮಾತ್ರ ಉಳಿದಿರಬೇಕು. ಕಟ್ಟು ಬಸಿದು ಸಾರಿಗೆ ಇಟ್ಟು, ಬೇಳೆಗೆ ಬೆಲ್ಲ ಹಾಕಿ ಕಾಯಿಸಿ, ಸೌಟು ನೆಟ್ಟರೆ ನಿಲ್ಲುವವರೆಗೆ ತಿರುವಬೇಕು. ಬೆಲ್ಲ ಮೊದಲೇ ಬಿದ್ದರೆ ಬೇಳೆ ಮತ್ತೆ ಬೇಯುವುದಿಲ್ಲ, ಕಾಳು ಕಾಳಾಗಿ ಉಳಿದು ಲಟ್ಟಿಸುವಾಗ ಕಣಕ ಹರಿಯುತ್ತದೆ. ಬಿಸಿ ಇರುವಾಗಲೇ ಗ್ರೈಂಡರಿಗೆ ಹಾಕಬೇಕು, ಒಂದು ಚಮಚ ನೀರೂ ಬೇಡ. ಇಲ್ಲಿ ಕಡೆದ ಮೇಲೂ ಸ್ವಲ್ಪ ಮೆತ್ತಗೆ ಕಂಡಿತು. ಬಾಣಲೆಗೆ ವಾಪಸು ಹಾಕಿ ಸಣ್ಣ ಉರಿಯಲ್ಲಿ ಎಂಟು ಹತ್ತು ನಿಮಿಷ ಒಣಗಿಸಿದ್ದೇ ಅದಕ್ಕೆ ಮದ್ದು. ತಣಿದಾಗ ಇನ್ನೂ ಗಟ್ಟಿಯಾಗುತ್ತದೆ ಎಂದು ಬಿಟ್ಟವರು ಲಟ್ಟಿಸುವ ದಿನ ಕಷ್ಟಪಡುತ್ತಾರೆ.

ಬುಧವಾರದ ಹೂರಣ ಮುಚ್ಚಿದ ಡಬ್ಬಿಯಲ್ಲಿ ಶುಕ್ರವಾರದವರೆಗೆ ತಂಪುಪೆಟ್ಟಿಗೆಯಲ್ಲಿ ಕೂತಿತು. ಶುಕ್ರವಾರ ಮಧ್ಯಾಹ್ನ ಒಂದು ಗಂಟೆ ಮೊದಲು ಹೊರತೆಗೆದು, 40 ಗ್ರಾಂ ತೂಕದ ಉಂಡೆ ಮಾಡಿ, ಎರಡು ಗಂಟೆ ನೆನೆದ ಕಣಕದಲ್ಲಿ ಮುಚ್ಚಿ ಮೂವತ್ತೆಂಟು ಹೋಳಿಗೆ. ತಣ್ಣಗಿನ ಹೂರಣ ಮತ್ತು ಬೆಚ್ಚಗಿನ ಕಣಕ ಒಟ್ಟಿಗೆ ಹರಡುವುದಿಲ್ಲ. ಆ ಒಂದು ಗಂಟೆ ಅದಕ್ಕಾಗಿ.

ಶುಕ್ರವಾರದ ಪುಟ್ಟು, ಹುಡುಗನ ಬುತ್ತಿ

ಪುಟ್ಟಿಗೆ ಕಡೆಯುವುದಿಲ್ಲ, ಹುರಿದ ಅಕ್ಕಿಹಿಟ್ಟು ಡಬ್ಬಿಯಲ್ಲಿರುತ್ತದೆ. ಆದರೆ ಪುಟ್ಟುಕುಟ್ಟಿಯಲ್ಲಿ (ಪುಟ್ಟು ಬೇಯಿಸುವ ಕೊಳವೆ) ಒಮ್ಮೆಗೆ ಆಗುವುದು ಒಂದು ಅಥವಾ ಎರಡು ಪಾಲು. ಹದಿನಾರು ಜನ ಕಾಯುವುದು ಬೇಡ ಎಂದು 1.2 ಕಿಲೋ ಹಿಟ್ಟನ್ನು ಉಪ್ಪುನೀರು ಚಿಮುಕಿಸಿ ಕಲಸಿ, ಒಂದೂವರೆ ಕಾಯಿಯ ತುರಿ ಸೇರಿಸಿ, ಅಟ್ಟಿನಳಗೆಯಲ್ಲಿ ಒದ್ದೆ ಬಟ್ಟೆ ಹಾಸಿ ಸಡಿಲವಾಗಿ ಸುರಿದು ಹನ್ನೆರಡು ನಿಮಿಷ ಬೇಯಿಸಿದರು. ಉರುಳೆಯ ಆಕಾರ ಹೋಯಿತು, ರುಚಿ ಹೋಗಲಿಲ್ಲ. ಹಿಟ್ಟಿನ ಹದ: ಮುಷ್ಟಿ ಕಟ್ಟಿದರೆ ನಿಲ್ಲಬೇಕು, ಹೆಬ್ಬೆರಳು ತಾಗಿಸಿದರೆ ಉದುರಬೇಕು. ನೀರು ಹೆಚ್ಚಾದರೆ ಗಂಟು, ಕಡಿಮೆಯಾದರೆ ಗಂಟಲಲ್ಲಿ ಧೂಳು. ಕಡಲೆ 600 ಗ್ರಾಂ ಗುರುವಾರ ರಾತ್ರಿ ನೆನೆಹಾಕಿದ್ದು.

ಪುಟ್ಟು ಬುತ್ತಿಗೆ ಆಗುವುದಿಲ್ಲ, ಮಧ್ಯಾಹ್ನಕ್ಕೆ ಗಟ್ಟಿ ಮರಳು. ಹುಡುಗನಿಗೆ ಬೆಳಿಗ್ಗೆಯೇ ಅರ್ಧ ಪಾವು ಬೆಳ್ತಿಗೆ ಅನ್ನ ಮಾಡಿ, ಹರಡಿ ತಣಿಸಿ, ಕಾಯಿ ಹಾಕದ ನಿಂಬೆಹುಳಿ ಚಿತ್ರಾನ್ನ. ಗುರುವಾರ ರಾತ್ರಿ ಉಳಿದ ಅನ್ನವನ್ನು ಬಳಸದಿದ್ದದ್ದು ಬೇಕೆಂದೇ. ರಾತ್ರಿ ಹೊರಗೆ ಉಳಿದ ಅನ್ನದಲ್ಲಿ ಬೆಳೆಯುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ವಿಷ ಬಿಸಿ ಮಾಡಿದರೂ ಹೋಗುವುದಿಲ್ಲ. ಒಗ್ಗರಣೆ ಹಾಕಿದರೆ ಸರಿಯಾಗುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಒಗ್ಗರಣೆಗೆ ಆ ಶಕ್ತಿ ಇಲ್ಲ.

ಕೊಟ್ಟಿಗೆಯ ಹಿಟ್ಟು ಮತ್ತು ಕರೆಂಟು

ಉದ್ದು 500 ಗ್ರಾಂ, ಬೆಳ್ತಿಗೆ ಅಕ್ಕಿ 1 ಕಿಲೋ. ಎರಡನ್ನೂ ಬೇರೆ ಬೇರೆ ಬೆಳಿಗ್ಗೆ ಹತ್ತಕ್ಕೆ ನೆನೆಹಾಕಿ ಮಧ್ಯಾಹ್ನ ಎರಡಕ್ಕೆ ಕಡೆಯಲು ಶುರು. ಮಾಮೂಲಿಗಿಂತ ನಾಲ್ಕು ಗಂಟೆ ಮುಂಚೆ. ಉದ್ದಿಗೆ ಅರ್ಧ ಗಂಟೆ, ತಣ್ಣೀರನ್ನು ಚಿಮುಕಿಸುತ್ತಾ. ಒಂದು ಚೂರು ನೀರಿಗೆ ಹಾಕಿದರೆ ತೇಲಬೇಕು. ಎರಡು ಲೀಟರಿನ ಗ್ರೈಂಡರಿಗೆ ಒಂದು ಕಿಲೋ ಅಕ್ಕಿ ಒಮ್ಮೆಗೆ ತುಂಬಿದರೆ ಮೇಲಿನದ್ದು ತಿರುಗುತ್ತದೆ, ಅಡಿಯದ್ದು ಮಾತ್ರ ಅರೆಯುತ್ತದೆ, ಮೋಟಾರು ಬಿಸಿಯಾಗಿ ಹಿಟ್ಟೂ ಬಿಸಿ. ಎರಡು ಸಲ ಮಾಡಿ ಸಣ್ಣ ರವೆಯಷ್ಟು ತರಿ ಇರುವಾಗ ತೆಗೆದರು. ಅಕ್ಕಿ ನುಣ್ಣಗಾದರೆ ಕೊಟ್ಟಿಗೆ ಅಂಟು. ಮೂರು ಇಪ್ಪತ್ತಕ್ಕೆ ಹಿಟ್ಟು ತಯಾರು, ಉಪ್ಪು 25 ಗ್ರಾಂ ಸೇರಿಸಿ ಕೈಯಲ್ಲಿ ಕಲಸಿ ತಂಪುಪೆಟ್ಟಿಗೆಗೆ.

ಆಗಲೇ ಹೊರಗಿಟ್ಟರೆ ಈ ಸೆಖೆಗೆ ರಾತ್ರಿ ಹನ್ನೆರಡಕ್ಕೆ ಉಬ್ಬಿ, ಬೆಳಿಗ್ಗೆ ಐದಕ್ಕೆ ಹುಳಿಯಾಗಿ ಇಳಿದಿರುತ್ತಿತ್ತು. ರಾತ್ರಿ ಎಂಟೂವರೆಗೆ ಹೊರತೆಗೆಯುವುದು ಎಂದು ಲೆಕ್ಕ.

ಸಂಜೆ ಐದೂವರೆಗೆ ಗುಡುಗು, ಕರೆಂಟು ಹೋಯಿತು. ಬಂದದ್ದು ಎಂಟೂ ಮುಕ್ಕಾಲಿಗೆ. ಹಳೆಯ ಪಟ್ಟಿಯಲ್ಲಾಗಿದ್ದರೆ ಅಷ್ಟು ಹೊತ್ತು ನೆನೆದ ಉದ್ದು, ಅಕ್ಕಿ ಎರಡೂ ಬಟ್ಟಲಲ್ಲಿ ಕೂತಿರುತ್ತಿದ್ದವು, ಬೆಳಿಗ್ಗೆ ಉಬ್ಬದ ಹಿಟ್ಟು. ಇಲ್ಲಿ ಹಿಟ್ಟು ಕಡೆದಾಗಿತ್ತು, ಹೋಳಿಗೆ ಆಗಿತ್ತು, ಮೆಣಸ್ಕಾಯಿ ಒಲೆಯಲ್ಲಿತ್ತು. ತಂಪುಪೆಟ್ಟಿಗೆ ಬಾಗಿಲು ತೆಗೆಯದಿದ್ದರೆ ಸುಮಾರು ನಾಲ್ಕು ಗಂಟೆ ತಂಪು ಹಿಡಿದಿಡುತ್ತದೆ. ಮಕ್ಕಳಿಗೆ ಕುಡಿಯುವ ನೀರನ್ನು ಬೇರೆ ಹೂಜಿಯಲ್ಲಿ ಇಟ್ಟುಕೊಟ್ಟು ಬಾಗಿಲಿಗೆ ಕುರ್ಚಿ ಅಡ್ಡ ಇಟ್ಟರು. ಕತ್ತಲಲ್ಲಿ ಎಮರ್ಜೆನ್ಸಿ ದೀಪ ಹಚ್ಚಿ ಅವಿಲಿನ ತರಕಾರಿ ಹೆಚ್ಚುವುದು, ಬಾಳೆಲೆ ಒರೆಸುವುದು ನಡೆಯಿತು. ಹೆಚ್ಚಿದ ಬಾಳೆಕಾಯಿ, ಸುವರ್ಣಗೆಡ್ಡೆ ಮಜ್ಜಿಗೆ ನೀರಿನಲ್ಲಿ ಮುಳುಗಿರಬೇಕು, ಇಲ್ಲವಾದರೆ ಬೆಳಿಗ್ಗೆಗೆ ಕಪ್ಪು. ಕಾಯಿ ತುರಿಯುವುದನ್ನು ಮಾತ್ರ ಮುಂದೂಡಿದರು. ತುರಿದ ಕಾಯಿ ಹೊರಗೆ ನಾಲ್ಕೈದು ಗಂಟೆಯಲ್ಲಿ ಹುಳಿ ವಾಸನೆ ಹಿಡಿಯುತ್ತದೆ, ಕರೆಂಟಿಲ್ಲದ ಫ್ರೀಜರಿನಲ್ಲಿ ತಣ್ಣಗಾಗದ ತುರಿ ತುಂಬುವುದೂ ಸರಿಯಲ್ಲ.

ಶನಿವಾರ ಬೆಳಿಗ್ಗೆ ಐದೂ ಕಾಲಿಗೆ ಹಿಟ್ಟು ನೋಡಿದಾಗ ಉಬ್ಬಿದ್ದು ಅರ್ಧದಷ್ಟು ಮಾತ್ರ. ಮೂರು ಕಿಲೋ ದಾಟಿದ ತಣ್ಣನೆಯ ಹಿಟ್ಟು ದಪ್ಪ ಸ್ಟೀಲಿನ ಪಾತ್ರೆಯಲ್ಲಿ ಹೊರಗಿನ ಬಿಸಿಗೆ ಬರಲೇ ಮೂರು ಗಂಟೆ ಹೋಗಿರುತ್ತದೆ. ಮಳೆ ಬಂದು ರಾತ್ರಿ ತಂಪೂ ಇತ್ತು. ಇಂಥಲ್ಲಿ ಹಿಂದಿನ ಸಂಜೆ ಆರೂವರೆಗೇ ಹೊರತೆಗೆಯಬೇಕಿತ್ತು, ಅಥವಾ ಪಾತ್ರೆಯನ್ನು ಕೈ ತಡೆಯುವಷ್ಟು ಬಿಸಿಯ ನೀರಿನ ಬೋಗುಣಿಯಲ್ಲಿ ಅರ್ಧ ಗಂಟೆ ಇಡಬೇಕಿತ್ತು. ಎರಡನೆಯದ್ದನ್ನು ಬೆಳಿಗ್ಗೆಯೇ ಮಾಡಿದರು, ಸ್ವಲ್ಪ ಏರಿತು. ಕೊಟ್ಟಿಗೆ ಹೂವಿನಂತೆ ಆಗಲಿಲ್ಲ, ತುಸು ಬಿಗಿ. ಬಿಸಿ ಇರುವಾಗ ತುಪ್ಪ ಹಾಕಿದರೆ ಗೊತ್ತಾಗುವುದಿಲ್ಲ, ತಣಿದದ್ದು ಗೊತ್ತಾಗುತ್ತದೆ.

ಎಲೆಯ ಕೆಲಸವನ್ನು ಅಜ್ಜಿ ಬೇರೆಯವರಿಗೆ ಬಿಡಲಿಲ್ಲ, ಅದು ಸರಿಯೇ. ದಂಟಿನ ಹತ್ತಿರದ ದಪ್ಪ ನಾರು ಚೂರಿಯಲ್ಲಿ ಸವರಿ, ಎಲೆಯ ಹೊಳಪಿನ ಮೈಯನ್ನು ಉರಿಯ ಮೇಲೆ ಸರ್ರನೆ ಎಳೆದು ಬಣ್ಣ ತಿರುಗಿದ ಕೂಡಲೇ ತೆಗೆಯಬೇಕು. ಬಾಡದ ಎಲೆ ಮಡಚುವಲ್ಲಿ ಸೀಳುತ್ತದೆ, ಹಿಟ್ಟು ಸೋರಿ ಕೆಳಗಿನ ನೀರಿಗೆ ಇಳಿಯುತ್ತದೆ. ಒಂದು ಸೌಟು, ನೂರು ಗ್ರಾಂ ಹಿಟ್ಟು, ನಾಲ್ಕೂ ಕಡೆ ಮಡಚಿ, ಮಡಿಕೆ ಕೆಳಗಾಗಿ. ಅಡಿಯ ನೀರು ಮೂರು ಲೀಟರು, ಅದರಲ್ಲಿ ಒಂದು ನಾಣ್ಯ. ನೀರು ಮರಳುವಷ್ಟು ಹೊತ್ತು ನಾಣ್ಯ ಕಟಕಟ ಎನ್ನುತ್ತದೆ, ಸದ್ದು ನಿಂತರೆ ನೀರು ಮುಗಿದಿದೆ ಎಂದು ಹೊರಗಿನಿಂದಲೇ ತಿಳಿಯುತ್ತದೆ. ಹಬೆ ಬರತೊಡಗಿದ ಮೇಲೆ ನಲವತ್ತು ನಿಮಿಷ. ಏಳೂ ಕಾಲಿಗೆ ಮೊದಲ ಪಂಕ್ತಿ ಕೂತಿತು.

ಮಧ್ಯಾಹ್ನದ ಊಟ

ತೋಟದ ಕೆಲಸದ ಇಬ್ಬರು ಸೇರಿ ಹದಿನೆಂಟು ಎಲೆ. ಅಕ್ಕಿ ಒಂದೂವರೆ ಕಿಲೋ. ದಿನದ ಲೆಕ್ಕದಲ್ಲಿ ದೊಡ್ಡವರಿಗೆ ನೂರು, ನೂರಿಪ್ಪತ್ತು ಗ್ರಾಂ ಹಿಡಿಯುವವರು ಹೋಳಿಗೆ, ಪಾಯಸ ಇರುವ ದಿನ ಎಂಬತ್ತಕ್ಕೆ ಇಳಿಸಬಹುದು. ಎರಡು ಕಿಲೋ ಹಾಕಿ ಉಳಿಸುವುದೇ ನಮ್ಮ ಹಬ್ಬಗಳ ಚಾಳಿ.

ಕಾಯಿಯನ್ನು ಬೆಳಿಗ್ಗೆ ಆರಕ್ಕೆ ಇಬ್ಬರು ಎರಡು ಹೆರೆಮಣೆಯಲ್ಲಿ ಕೂತು ತುರಿದರು. ಒಂದಕ್ಕೆ ಐದಾರು ನಿಮಿಷ ಎಂದರೆ ಹನ್ನೊಂದಕ್ಕೆ ಅರ್ಧ ಗಂಟೆಯ ಮೇಲೆ. ಕೆಲಸ ಹಂಚುವಾಗ ಸ್ವಲ್ಪ ಸಹಾಯ ಮಾಡಿ ಎನ್ನುವುದಕ್ಕಿಂತ ಒಂದು ಕೆಲಸವನ್ನು ಪೂರ್ತಿ ಒಬ್ಬರಿಗೆ ಬಿಡುವುದು ಮೇಲು. ಬೆಂಗಳೂರಿನ ಅಳಿಯನಿಗೆ ಕಾಯಿ, ಒಡೆಯುವುದರಿಂದ ತುರಿಯುವವರೆಗೆ. ಮಂಗಳೂರಿನವರಿಗೆ ಎಲೆ, ನೀರು, ಬಡಿಸುವುದು. ಅಡುಗೆಮನೆಯಲ್ಲಿ ಮೂವರಿಗಿಂತ ಹೆಚ್ಚು ಜನ ನಿಂತರೆ ಒಲೆಯ ಹತ್ತಿರ ಹೋಗುವವರಿಗೆ ದಾರಿ ಇರುವುದಿಲ್ಲ.

ಮಿಕ್ಸಿಯಲ್ಲಿ ಕಡೆಯುವ ಸರದಿಗೂ ಒಂದು ಕ್ರಮ. ಮೊದಲು ಪಾಯಸದ ಕಾಯಿ, ಏಕೆಂದರೆ ಅದಕ್ಕೆ ಯಾವ ವಾಸನೆಯೂ ತಾಗಬಾರದು. ಆಮೇಲೆ ಕೊಟ್ಟಿಗೆಯ ಚಟ್ನಿ, ಅವಿಲಿನ ಕಾಯಿ ಹಸಿಮೆಣಸು ಜೀರಿಗೆ, ಸಾಸಮೆಯ ಸಾಸಿವೆ, ಕೊನೆಗೆ ಸಾಂಬಾರಿನ ಹುರಿದ ಕೆಂಪು ಮಸಾಲೆ. ಬಿಳಿಯಿಂದ ಕೆಂಪಿಗೆ ಹೋದರೆ ನಡುವೆ ಜಾರು ತೊಳೆಯುವುದು ಬೇಡ, ಸುಮ್ಮನೆ ನೀರು ಆಡಿಸಿ ಆ ನೀರನ್ನು ಆ ಬಗೆಗೇ ಹಾಕಿದರಾಯಿತು. ಪಾಯಸದ ನಾಲ್ಕು ಕಾಯಿಯನ್ನು ಒಂದರ ಹಿಂದೆ ಒಂದು ಬಿಡದೆ ಓಡಿಸಿದ್ದರಿಂದ ಮೂರನೇ ಸಲಕ್ಕೆ ಮಿಕ್ಸಿ ನಿಂತಿತು. ಕೆಟ್ಟದ್ದಲ್ಲ. ಭಾರ ಹೆಚ್ಚಾದಾಗ ತಾನೇ ಕಡಿದುಕೊಳ್ಳುವ ಗುಂಡಿ ಹೆಚ್ಚಿನ ಮಿಕ್ಸಿಗಳ ತಳದಲ್ಲಿರುತ್ತದೆ. ಪ್ಲಗ್ ತೆಗೆದು, ಹದಿನೈದು ನಿಮಿಷ ತಣಿಯಲು ಬಿಟ್ಟು, ಅದನ್ನು ಒತ್ತಿದರೆ ಮತ್ತೆ ಓಡುತ್ತದೆ. ಕಾಯಿ ಕಡೆಯುವಾಗ ಉಗುರುಬೆಚ್ಚಗಿನ ನೀರು ಹಾಕಿದರೆ ಹಾಲು ಸಲೀಸಾಗಿ ಬಿಡುತ್ತದೆ, ಮೋಟಾರಿಗೂ ಕಷ್ಟ ಕಡಿಮೆ.

ಪಾಯಸ: ಕಡ್ಲೆಬೇಳೆ 400 ಗ್ರಾಂ, ಬೆಲ್ಲ 700 ಗ್ರಾಂ, ದಪ್ಪ ಕಾಯಿಹಾಲು ಅರ್ಧ ಲೀಟರು, ಎರಡನೇ ಹಾಲು ಒಂದೂ ಕಾಲು ಲೀಟರು. ಬೇಳೆ ಬೆಂದ ಮೇಲೆ ಕರಗಿಸಿ ಸೋಸಿದ ಬೆಲ್ಲ, ಎರಡನೇ ಹಾಲು, ಎರಡು ಚಮಚ ಕಡೆದ ಅಕ್ಕಿ ಹಾಕಿ ಕುದಿಸಿ, ಉರಿ ಸಣ್ಣ ಮಾಡಿ ದಪ್ಪ ಹಾಲು. ಅಂಚಿನಲ್ಲಿ ಹಬೆ ಎದ್ದ ಕೂಡಲೇ ಇಳಿಸುವುದು. ಇಷ್ಟೆಲ್ಲ ಸರಿಯಾಗಿಯೇ ಆಯಿತು. ಬಡಿಸುವ ಹೊತ್ತಿಗೆ ಬಿಸಿ ಇರಲಿ ಎಂದು ಯಾರೋ ಪಾತ್ರೆಯನ್ನು ಮತ್ತೆ ಒಲೆಗೆ ಇಟ್ಟರು, ಕುದಿ ಬಂತು, ಕಾಯಿಹಾಲು ಒಡೆದು ಸಣ್ಣ ತರಿ ಕಾಣಿಸಿತು. ತಿನ್ನಲು ಏನೂ ತೊಂದರೆ ಇಲ್ಲ, ನೋಡಲು ಮಾತ್ರ ಚೆಂದವಿಲ್ಲ. ಪಾಯಸದ ಪಾತ್ರೆಯನ್ನು ಬಿಸಿನೀರಿನ ಬೋಗುಣಿಯೊಳಗೆ ಇಟ್ಟರೆ ಈ ಪ್ರಶ್ನೆಯೇ ಬರುವುದಿಲ್ಲ.

ಅವಿಲಿಗೆ ತರಕಾರಿ ಎರಡೂವರೆ ಕಿಲೋ, ಕಾಯಿ ಎರಡು, ಹಸಿಮೆಣಸು ಹನ್ನೆರಡು, ಹುಳಿ ಮೊಸರು 400 ಮಿಲಿಲೀಟರು, ತೆಂಗಿನೆಣ್ಣೆ ನಾಲ್ಕು ದೊಡ್ಡ ಚಮಚ. ಸುವರ್ಣಗೆಡ್ಡೆ, ಬಾಳೆಕಾಯಿ ಮೊದಲು ಅರ್ಧ ಬೆಂದ ಮೇಲೆ ನುಗ್ಗೆ, ಅಲಸಂಡೆ, ಕೊನೆಗೆ ಸೌತೆ. ಸೌತೆ ನೀರು ಬಿಡುವುದರಿಂದ ಬೇರೆ ನೀರು ಒಂದು ಲೋಟಕ್ಕಿಂತ ಹೆಚ್ಚು ಬೇಡ. ಮೊಸರು ಒಲೆಯಿಂದ ಇಳಿಸಿದ ಮೇಲೆ. ಒಂದು ಗಂಟೆಗೆ ಎಲೆ ಹಾಕಿದರು.

ಅಜ್ಜನ ಊಟದ ಹೊತ್ತು

ಸಕ್ಕರೆ ಕಾಯಿಲೆಯವರ ಬಗ್ಗೆ ಹಬ್ಬದ ಮನೆಗಳಲ್ಲಿ ಇರುವ ಚಿಂತೆಯೆಲ್ಲ ಹೋಳಿಗೆಯ ಮೇಲೆ. ಅದಕ್ಕಿಂತ ದೊಡ್ಡ ಅಪಾಯ ತಡವಾದ ಊಟ. ಗ್ಲಿಮೆಪಿರೈಡ್‌ನಂಥ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಬೆಳಿಗ್ಗೆ ಎಂಟಕ್ಕೆ ತಿಂದು ಪೂಜೆ ಮುಗಿದು ಎರಡು ಗಂಟೆಗೆ ಎಲೆಗೆ ಕೂತರೆ ನಡುವೆ ಸಕ್ಕರೆ ತೀರಾ ಇಳಿಯಬಹುದು: ಬೆವರು, ನಡುಕ, ಮಂಕು. ಅಜ್ಜನ ಮಾತ್ರೆಯ ಹೊತ್ತನ್ನು ಹಬ್ಬಕ್ಕೆ ಮೊದಲೇ ವೈದ್ಯರಲ್ಲಿ ಕೇಳಿಟ್ಟುಕೊಂಡಿದ್ದರು. ಹನ್ನೊಂದಕ್ಕೆ ಒಂದು ಕೊಟ್ಟಿಗೆಯ ಅರ್ಧ, ಮಜ್ಜಿಗೆ. ಪೂಜೆ ಮುಗಿಯದಿದ್ದರೂ ಹನ್ನೆರಡೂ ಮುಕ್ಕಾಲಿಗೆ ಅವರಿಗೆ ಊಟ ಎಂದು ನಿಶ್ಚಯ. ಎಲೆಯಲ್ಲಿ ಪಲ್ಯ, ಅವಿಲು, ಸಾಸಮೆ ಮೊದಲು, ಅನ್ನ ಒಂದು ಬಟ್ಟಲು ಅಳತೆಗೆ, ಹೋಳಿಗೆ ಅರ್ಧ, ಪಾಯಸ ಇಲ್ಲ. ಪಾಯಸ ಇಲ್ಲದ್ದಕ್ಕೆ ಅಜ್ಜನ ಮುಖ ಸಣ್ಣದಾಯಿತು, ಆದರೆ ಎರಡರಲ್ಲಿ ಒಂದು ಎಂದು ಆರಿಸಿದ್ದು ಅವರೇ. ನಡುಕ ಬಂದರೆ ಕೊಡಲು ಮೂರು ಚಮಚ ಸಕ್ಕರೆ ಹಾಕಿದ ನೀರು, ಹದಿನೈದು ನಿಮಿಷ ಬಿಟ್ಟು ಮತ್ತೆ ಪರೀಕ್ಷೆ: ಇದನ್ನು ಮನೆಯಲ್ಲಿ ಒಬ್ಬರಿಗಲ್ಲ, ಇಬ್ಬರಿಗೆ ಹೇಳಿಟ್ಟಿದ್ದರು.

ಉಳಿದದ್ದು, ಕಟ್ಟಿಕೊಟ್ಟದ್ದು

ಊಟ ಮುಗಿದ ಕೂಡಲೇ, ಎಲೆ ತೆಗೆಯುವ ಮೊದಲೇ, ಸಾಂಬಾರನ್ನು ಮರಳಿಸಿದರು. ಅನ್ನ ಸಣ್ಣ ತಪಲೆಯಷ್ಟು ಉಳಿಯಿತು. ಅಗಲದ ಪಾತ್ರೆಯಲ್ಲಿ ಹರಡಿ ತಣಿಸಿ ಗಂಟೆಯೊಳಗೆ ತಂಪುಪೆಟ್ಟಿಗೆಗೆ, ರಾತ್ರಿಗೆ ಅದೇ. ಅವಿಲು ಎರಡು ಸೌಟು ಉಳಿದದ್ದನ್ನು ಇಟ್ಟುಕೊಳ್ಳದೆ ಸಂಜೆಯೇ ಗೊಬ್ಬರದ ಗುಂಡಿಗೆ ಹಾಕಿದರು. ಆ ಎರಡು ಸೌಟಿನ ಆಸೆಗೆ ಪ್ರಯಾಣದ ದಿನ ಮಕ್ಕಳ ಹೊಟ್ಟೆ ಕೆಡಿಸಿಕೊಂಡವರು ಬಹಳ.

ಆದಿತ್ಯವಾರ ರಾತ್ರಿಯ ರೈಲಿಗೆ ಏಳು ಜನರ ಬುತ್ತಿ: ಚಪಾತಿ ಇಪ್ಪತ್ತೈದು, ಕಾಯಿ ಹಾಕದ ತೊಂಡೆಕಾಯಿ ಪಲ್ಯ, ಮಕ್ಕಳಿಗೆ ಮೊಸರನ್ನ. ಮೊಸರನ್ನಕ್ಕೆ ತಣಿದ ಅನ್ನಕ್ಕೆ ಕಾಯಿಸಿ ಆರಿಸಿದ ಹಾಲು ಮೂರು ಪಾಲು, ಮೊಸರು ಒಂದು ಪಾಲು. ಮೊಸರೇ ಹಾಕಿದರೆ ರೈಲು ಹತ್ತುವಾಗಲೇ ಹುಳಿ. ಚಪಾತಿ ಬಿಸಿಬಿಸಿಯಾಗಿ ಡಬ್ಬಿಗೆ ತುಂಬಿದರೆ ಮುಚ್ಚಳದಲ್ಲಿ ಹಬೆ ನೀರಾಗಿ ಮೇಲಿನ ನಾಲ್ಕು ಒದ್ದೆ ಮುದ್ದೆ. ಬಟ್ಟೆಯ ಮೇಲೆ ಹರಡಿ, ಪೂರ್ತಿ ಆರಿದ ಮೇಲೆ ಬಾಡಿಸಿದ ಬಾಳೆಲೆಯಲ್ಲಿ ಸುತ್ತಿದರು. ಮೂವತ್ತೆಂಟರಲ್ಲಿ ಉಳಿದ ಆರು ಹೋಳಿಗೆಯನ್ನು ಒಂದೊಂದರ ನಡುವೆ ತುಪ್ಪ ಸವರಿದ ಕಾಗದ ಇಟ್ಟು ಕಟ್ಟಿಕೊಟ್ಟರು. ಶುಕ್ರವಾರ ಮಾಡಿದ್ದಾದ್ದರಿಂದ ಬೆಂಗಳೂರಿಗೆ ಮುಟ್ಟಿದ ಸೋಮವಾರವೇ ಕಾವಲಿಯಲ್ಲಿ ಬಿಸಿ ಮಾಡಿ ತಿಂದು ಮುಗಿಸಬೇಕು ಎಂದು ಹೇಳಿಯೇ.